ಪಣವೂ ಪಾಂಡಿತ್ಯವೂ

ಕಾರ್ತಿಕ ಶುದ್ಧ ಪಾಡ್ಯಕ್ಕೆ ಬಲಿಪಾಡ್ಯಮಿಯೆಂಬ ಹೆಸರಿರುವಂತೆ ದ್ಯೂತಪ್ರತಿಪದೆಯೆಂಬ ಹೆಸರೂ ಉಂಟು. ವರ್ಷಕ್ಕೊಂದು ದಿನದ ಪಗಡೆಯ ಮಾತು ಹಾಗಿರಲಿ. ಫೋನಿನಲ್ಲಿ ವರ್ಷವಿಡೀ ನಡೆದ ಇನ್ನೊಂದು ದ್ಯೂತದ ಬಗೆಗೆ ಸ್ವಲ್ಪ ವಿಚಾರ ಮಾಡುವುದು ಉಚಿತವೆಂದು ಭಾವಿಸುತ್ತೇವೆ.

ಇದಕ್ಕೆ ಅಭಿಪ್ರಾಯ ವ್ಯಾಪಾರವೆಂಬ ಗೌರವದ ಹೆಸರನ್ನಿಟ್ಟಿದ್ದರು. ಈ ಕ್ರಿಕೆಟ್ ಪಂದ್ಯದಲ್ಲಿ ಭಾರತ ಗೆಲ್ಲುವುದೇ? ಹೌದೆನ್ನುವವನು 6 ರೂಪಾಯಿ ಕೊಟ್ಟರೆ ಅಲ್ಲವೆನ್ನುವವನು 4 ಕೊಡುತ್ತಾನೆ. ಯಾರ ಮಾತು ನಿಜವಾಯಿತೋ ಅವನಿಗೆ, ಕಂಪೆನಿಯ ಕಮಿಷನ್ ಕಳೆದು, 10. ಇದು ಜೂಜಲ್ಲ, ತಿಳಿವಳಿಕೆಗೆ ಸಿಗುವ ಪ್ರತಿಫಲ ಎಂಬುದು ನಡೆಸುವವರ ವಾದ.

ಈ ವಾದಕ್ಕೆ ಆಧಾರವಿಲ್ಲದಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯು ಜೂಜನ್ನು ದಂಡಿಸಿದರೂ ಕೇವಲ ಕೌಶಲದ ಆಟವನ್ನು ಬಿಟ್ಟುಬಿಡುತ್ತದೆ. 2021ರಲ್ಲಿ ರಾಜ್ಯವು ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಕೌಶಲದ ಆಟವನ್ನೂ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಅದನ್ನು ರದ್ದುಗೊಳಿಸಿತು. ಇದಕ್ಕಿಂತ ಹಳೆಯ ಕಥೆಯೊಂದು ಇನ್ನೂ ಸ್ವಾರಸ್ಯವಾಗಿದೆ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಮೂಲಕ ಬಹುಮಾನದ ಪದಬಂಧ ಸ್ಪರ್ಧೆ ನಡೆಯುತ್ತಿತ್ತು. ಅದೂ ಬುದ್ಧಿಯ ಪರೀಕ್ಷೆಯೆಂದೇ ಹೇಳಿಕೊಂಡಿತ್ತು. ಸಮನಾಗಿ ಹೊಂದುವ ಪದಗಳಲ್ಲಿ ಯಾವುದು ‘ಸರಿ’ಯೆಂಬುದು ನಡೆಸುವವರ ಇಚ್ಛೆಯಾಗಿದ್ದುದರಿಂದ ಅದು ಜೂಜೇ ಎಂದು 1957ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರು ಆ ತೀರ್ಪಿನಲ್ಲಿ ಋಗ್ವೇದವನ್ನೂ ಮನು ಯಾಜ್ಞವಲ್ಕ್ಯರನ್ನೂ ಸ್ಮರಿಸಿರುವುದು ನಮ್ಮ ಓದುಗರಿಗೆ ಸಂತೋಷ ತಂದೀತು.

ಹೀಗೆ ಬಹುಕಾಲ ನ್ಯಾಯಾಲಯಗಳು ಕೇಳಿದ್ದು ಕೌಶಲವೋ ಅದೃಷ್ಟವೋ ಎಂದು. ಸಭಾಪರ್ವವನ್ನು ಬಲ್ಲವರಿಗೆ ಈ ಪ್ರಶ್ನೆ ಕೊಂಚ ವಿಚಿತ್ರವೆನಿಸದಿರದು. ಶಕುನಿಗಿಂತ ಕುಶಲನಾದ ಆಟಗಾರನಾರು? ಧರ್ಮರಾಯನು ರಾಜ್ಯವನ್ನು ಕಳೆದುಕೊಂಡದ್ದು ಎದುರಾಳಿಯ ಅದೃಷ್ಟಕ್ಕಲ್ಲ, ಕೈಚಳಕಕ್ಕೆ. ಆಡುವವರಲ್ಲಿ ಒಬ್ಬನು ಬಲ್ಲವನು, ಇನ್ನೊಬ್ಬನು ಅರಿಯದವನಾದರೆ ದ್ಯೂತದ ದೋಷ ಹೆಚ್ಚಾಗುವುದೇ ಹೊರತು ಕಡಿಮೆಯಾಗದು.

ಹಾಗಾದರೆ ಬೆಲೆ ಏರೀತೆಂಬ ಊಹೆಯಿಂದ ಗದ್ದೆಯನ್ನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುವ ನಮ್ಮ ಚಂದ್ರಗುತ್ತಿ ಕಡೆಯ ರೈತನೂ ಜೂಜುಗಾರನೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅವನ ಊಹೆ ತಪ್ಪಿದರೂ ನೆಲದಿಂದ ಶುಂಠಿ ಬಂದಿರುತ್ತದೆ. ಫಲಿಸಿದರೆ ಅದಕ್ಕಾಗಿ ಇನ್ನೊಬ್ಬನು ಸೋಲಲೇಬೇಕೆಂಬ ನಿಯಮವಿಲ್ಲ. ಅಭಿಪ್ರಾಯ ವ್ಯಾಪಾರದಲ್ಲಿ ಹೊಸದಾಗಿ ಒಂದು ಕಾಳೂ ಹುಟ್ಟುವುದಿಲ್ಲ. ಗೆದ್ದವನ ಲಾಭವಷ್ಟೂ ಮುಖ ಕಾಣದ ಇನ್ನೊಬ್ಬನ ಜೇಬಿನದು. ಇಂಥ ಹಣದಿಂದ ದೇವರಿಗೆ ಸೇವೆ ಮಾಡಿಸಬಹುದೇ ಎಂದು ಕೇಳುವವರಿಗೆ ಬೇಡವೆಂದೇ ನಾವು ಹೇಳುತ್ತೇವೆ.

2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಆ ಹಳೆಯ ಪ್ರಶ್ನೆಯನ್ನು ಕೈಬಿಟ್ಟಿತು. ಕೌಶಲವಿರಲಿ, ಅದೃಷ್ಟವಿರಲಿ, ಗೆಲ್ಲುವ ಆಸೆಯಿಂದ ಹಣ ಕಟ್ಟಿಸುವ ಆಟವನ್ನು ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿಯವರೆಗೆ ದಂಡ. ಪ್ರೊಬೋ ಎಂಬ ಹೆಸರಾಂತ ಕಂಪೆನಿಯು ಅದೇ ತಿಂಗಳಲ್ಲಿ ಹಣದ ಆಟವನ್ನು ನಿಲ್ಲಿಸಿತು. ಆಡಿದವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಸೋತವರಿಗೂ ಇಲ್ಲ, ಗೆದ್ದವರಿಗೂ ಇಲ್ಲ.