ಶೋಧಯಂತ್ರದ ಮೊದಲ ಸಾಲು ಮತ್ತು ಶ್ರಾವಕನ ಅಚೌರ್ಯವ್ರತ

ತನ್ನ ಸರಕಿನ ಗುಣವನ್ನು ತಾನೇ ಹೇಳಿಕೊಳ್ಳುವ ವ್ಯಾಪಾರಿಯು ಎಲ್ಲಿಯವರೆಗೆ ಸತ್ಯವಾದಿ, ಎಲ್ಲಿಂದ ಮುಂದೆ ತನ್ನ ವ್ರತಕ್ಕೆ ಅತಿಚಾರವನ್ನು ತಂದುಕೊಳ್ಳುವವನು ಎಂಬ ಪ್ರಶ್ನೆ ಬಹಳ ಹಳೆಯದು. ಆ ಪ್ರಶ್ನೆ ಎದುರಾಗುವ ಸ್ಥಳ ಮಾತ್ರ ಈಗ ಬದಲಾಗಿದೆ. ಬೀದರದ ಗಾಂಧಿ ಗಂಜಿನ ದಲಾಲಿ ಅಂಗಡಿಯಾಗಲಿ, ಭಾಲ್ಕಿಯ ಬಟ್ಟೆಯ ಮಳಿಗೆಯಾಗಲಿ, ಔರಾದದ ಬೀಜ-ಗೊಬ್ಬರದ ವ್ಯಾಪಾರವಾಗಲಿ, ಕೊನೆಗೆ ನಮ್ಮ ಬಸದಿಗಳ ಟ್ರಸ್ಟುಗಳೇ ಆಗಲಿ, ಇಂದು ಒಂದು ಜಾಲತಾಣವನ್ನೋ ಗೂಗಲ್ ನಕ್ಷೆಯಲ್ಲಿ ಒಂದು ವಿಳಾಸವನ್ನೋ ಇಟ್ಟುಕೊಳ್ಳುವ ಕಾಲ ಬಂದಿದೆ. ಗ್ರಾಹಕನೋ ಯಾತ್ರಿಕನೋ ಶೋಧಯಂತ್ರದಲ್ಲಿ ಒಂದು ಮಾತನ್ನು ಬರೆದಾಗ ಮೊದಲ ಪುಟದ ಕೆಲವೇ ಹೆಸರುಗಳಲ್ಲಿ ನಮ್ಮದೂ ಇರಬೇಕೆಂಬುದು ಎಲ್ಲರ ಇಚ್ಛೆ. ಆ ಇಚ್ಛೆಯನ್ನು ಪೂರೈಸಿಕೊಡುವ ಒಂದು ವೃತ್ತಿಯೇ ಬೆಳೆದುನಿಂತಿದೆ. ಅದರ ಉಪಾಯಗಳಲ್ಲಿ ಕೆಲವು ನಿರ್ದೋಷವಾದವು, ಕೆಲವು ಸದೋಷವಾದವು. ಅವುಗಳನ್ನು ವಿಂಗಡಿಸುವ ಅಳತೆಗೋಲು ನಮ್ಮ ಶ್ರಾವಕಾಚಾರದಲ್ಲಿಯೇ ಇದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಶೋಧಯಂತ್ರದ ಕಾರ್ಯವಿಧಾನವನ್ನು ಕಿರ್ದಿ-ಖತಾವಣಿ ಬರೆದವರು ಸುಲಭವಾಗಿ ಗ್ರಹಿಸಬಹುದು. ಅದರ ಪರವಾಗಿ ಒಂದು ಸ್ವಯಂಚಾಲಿತ ವ್ಯವಸ್ಥೆಯು ಕೊಂಡಿಗಳನ್ನು ಹಿಡಿದು ಪುಟದಿಂದ ಪುಟಕ್ಕೆ ಸಂಚರಿಸುತ್ತ ಕಂಡದ್ದನ್ನೆಲ್ಲ ಓದಿಕೊಂಡು ಬರುತ್ತದೆ, ಇದು ಕಿರ್ದಿ. ಬಳಿಕ ಒಂದೊಂದು ಪದಕ್ಕೂ ಒಂದೊಂದು ಖಾತೆಯನ್ನು ತೆರೆದು ಆ ಪದವು ಯಾವ ಯಾವ ಪುಟದಲ್ಲಿ ಬಂದಿದೆ ಎಂಬುದನ್ನು ನಮೂದಿಸುತ್ತದೆ, ಇದು ಖತಾವಣಿ. ನಾವು 'ಬಿದರಿ ಹೂಜಿ' ಎಂದು ಕೇಳಿದಾಗ ಅದು ಆ ಗಳಿಗೆಯಲ್ಲಿ ಜಗತ್ತನ್ನೆಲ್ಲ ಹುಡುಕಲು ಹೊರಡುವುದಿಲ್ಲ. ಮೊದಲೇ ಸಿದ್ಧಪಡಿಸಿಟ್ಟ ಖತಾವಣಿಯಲ್ಲಿ ಆ ಪದಗಳ ಖಾತೆಗಳನ್ನು ತೆರೆದು, ಎರಡರಲ್ಲಿಯೂ ಬಂದಿರುವ ಪುಟಗಳನ್ನು ಹೊರತೆಗೆಯುತ್ತದೆ.

ಹಾಗೆ ದೊರೆತ ಸಾವಿರಾರು ಪುಟಗಳಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬುದೇ ಕಠಿಣವಾದ ಭಾಗ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಅವರು 1998ರಲ್ಲಿ ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದಾಗ ಅದಕ್ಕೆ ಆಧಾರವಾಗಿದ್ದುದು ಪೇಜ್‌ರ‍್ಯಾಂಕ್ ಎಂಬ ವಿಧಾನ. ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಾಕುವುದೆಂದರೆ ಅದರ ಪರವಾಗಿ ಒಂದು ಮಾತು ನುಡಿದಂತೆ. ಮಾತು ನುಡಿದವನಿಗೇ ಎಷ್ಟು ಜನರ ಮನ್ನಣೆಯಿದೆ ಎಂಬುದರ ಮೇಲೆ ಆ ಮಾತಿನ ತೂಕ ನಿರ್ಣಯವಾಗುತ್ತದೆ. ಪೇಟೆಯಲ್ಲಿ ಪತ್ತು ನಿಲ್ಲುವುದೂ ಹೀಗೆಯೇ ಅಲ್ಲವೆ? ಅಪರಿಚಿತರು ಹತ್ತು ಮಂದಿ ಹೊಗಳಿದ್ದಕ್ಕಿಂತ, ನಂಬಿಕಸ್ಥ ಅಡತಿಯೊಬ್ಬ 'ಈತನಿಗೆ ಮಾಲು ಕೊಡಬಹುದು' ಎಂದದ್ದು ಹೆಚ್ಚು ತೂಗುತ್ತದೆ. ಇಂದು ಕೊಂಡಿಗಳ ಜೊತೆಗೆ ಪುಟದ ಶೀರ್ಷಿಕೆ, ವಿಷಯದ ಉಪಯುಕ್ತತೆ, ಪುಟವು ಮೊಬೈಲಿನಲ್ಲಿ ತೆರೆಯುವ ವೇಗ, ಕೇಳಿದವನು ಇರುವ ಊರು ಮೊದಲಾದ ಅನೇಕ ಲಕ್ಷಣಗಳೂ ಗಣನೆಗೆ ಬರುತ್ತವೆ. ಊರಿನ ಅಂಗಡಿಗಳನ್ನು ತೋರಿಸುವಾಗ ಕೇಳಿದ ವಿಷಯಕ್ಕೆ ಇರುವ ಸಂಬಂಧ, ದೂರ ಮತ್ತು ಪ್ರಸಿದ್ಧಿ ಎಂಬ ಮೂರನ್ನು ಮುಖ್ಯವಾಗಿ ನೋಡುವುದಾಗಿ ಗೂಗಲ್ ಸಂಸ್ಥೆಯೇ ಪ್ರಕಟಿಸಿದೆ. ಹಣ ತೆತ್ತು ಪಡೆಯುವ ಜಾಹೀರಾತಿನ ಸ್ಥಾನ ಇದರಿಂದ ಬೇರೆ. ಅದರ ಮೇಲೆ ಪ್ರಾಯೋಜಿತವೆಂಬ ಗುರುತು ಇರುತ್ತದೆ.

ಇಲ್ಲಿ ದೋಷವಿಲ್ಲದ ಪ್ರಯತ್ನ ಎಂಬುದು ಖಂಡಿತ ಇದೆ. ನಮ್ಮ ಜಿಲ್ಲೆಯ ಔರಾದ ಬೇರೆ, ನೆರೆಯ ಲಾತೂರ ಜಿಲ್ಲೆಯ ಔರಾದ ಶಹಾಜಾನಿ ಬೇರೆ. ಔರಾದದ ವ್ಯಾಪಾರಿಯು ತನ್ನ ಪುಟದಲ್ಲಿ ತಾಲ್ಲೂಕು, ಜಿಲ್ಲೆ, ರಾಜ್ಯಗಳನ್ನು ಸ್ಪಷ್ಟವಾಗಿ ಬರೆದರೆ ದೂರದಿಂದ ಬರುವವನ ದಾರಿ ತಪ್ಪುವುದಿಲ್ಲ. ಭಾಲ್ಕಿಯ ಗ್ರಾಹಕರಲ್ಲಿ ಕನ್ನಡ, ಮರಾಠಿ, ಉರ್ದು, ಹಿಂದಿ ಎಲ್ಲವನ್ನೂ ಆಡುವವರಿದ್ದಾರೆ; ಅವರು ಹುಡುಕುವ ಭಾಷೆಗಳಲ್ಲಿ ಸರಕಿನ ಹೆಸರನ್ನು ಬರೆಯುವುದು ಸೇವೆಯೇ ಸರಿ. ಕಲಬುರಗಿ ಜಿಲ್ಲೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿಯ ನೇಮಿನಾಥ ಬಸದಿಯ ವಿಷಯ ಬರೆಯುವವರು ಎರಡೂ ಹೆಸರುಗಳನ್ನು ಕಾಣಿಸಿದರೆ, ಗ್ರಂಥದಲ್ಲಿ ಓದಿದ ಹೆಸರನ್ನೇ ನೆನಪಿಟ್ಟುಕೊಂಡ ವಿದ್ಯಾರ್ಥಿಗೂ ದಾರಿ ಸಿಗುತ್ತದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಪ್ರಭಾವನೆಯೂ ಒಂದು. ಅಜ್ಞಾನದ ನಿವಾರಣೆಯೇ ಅದರ ಪ್ರಯೋಜನವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಹುಡುಕುವವನ ಅಜ್ಞಾನ ಎಷ್ಟು ಕಡಿಮೆಯಾಯಿತೋ ಅಷ್ಟು ಮಟ್ಟಿಗೆ ಈ ಪ್ರಯತ್ನಗಳು ಪ್ರಭಾವನೆಯ ದಾರಿಯಲ್ಲಿವೆ.

ಇನ್ನು ಸದೋಷವಾದ ಉಪಾಯಗಳು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಒಂದೊಂದು ಅಣುವ್ರತಕ್ಕೆ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಅಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ, ಅಂದರೆ ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಮತ್ತು ಪ್ರತಿರೂಪಕವ್ಯವಹಾರ, ಅಂದರೆ ಅಸಲಿಗೆ ನಕಲಿಯನ್ನು ಬೆರೆಸಿ ಮಾರುವುದು, ಇವೆರಡೂ ಇವೆ. ಈ ಮೂರು ಹೆಸರುಗಳನ್ನು ಮುಂದಿಟ್ಟುಕೊಂಡು ನೋಡಿದರೆ ಇಂದಿನ ಜಾಲವ್ಯವಹಾರದ ಬಹುಪಾಲು ಕಪಟ ಗುರುತಿಗೆ ಸಿಗುತ್ತದೆ.

ಕೊಳ್ಳದವನ ಕೈಯಿಂದ ಐದು ನಕ್ಷತ್ರದ ಪ್ರಶಂಸೆಯನ್ನು ಬರೆಯಿಸುವುದು ಕೂಟಲೇಖ. ಇದು ನಮ್ಮ ದೇಶದಲ್ಲಿ ಎಷ್ಟು ದೊಡ್ಡ ಚಿಂತೆಯಾಯಿತೆಂದರೆ, ಜಾಲದಲ್ಲಿ ಪ್ರಕಟವಾಗುವ ಗ್ರಾಹಕ ಅಭಿಪ್ರಾಯಗಳ ಸಂಗ್ರಹ ಮತ್ತು ಪರಿಶೀಲನೆಗಾಗಿ ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೇ ರಚಿಸಬೇಕಾಯಿತು. ಯಂತ್ರಕ್ಕೆ ಒಂದು ಪುಟ, ಮನುಷ್ಯನಿಗೆ ಇನ್ನೊಂದು ಪುಟ ತೋರಿಸುವುದೂ ಕೂಟಲೇಖವೇ. ತೊಗರಿಯ ಚೀಲದ ಬಾಯಲ್ಲಿ ದಪ್ಪ ಕಾಳನ್ನು ಹರಡಿ ತಳದಲ್ಲಿ ಕಸವನ್ನು ತುಂಬುವುದಕ್ಕೂ ಇದಕ್ಕೂ ಭೇದವಿಲ್ಲ. 2006ರ ಫೆಬ್ರುವರಿಯಲ್ಲಿ ಬಿಎಂಡಬ್ಲ್ಯು ಎಂಬ ಪ್ರಸಿದ್ಧ ಮೋಟಾರು ಸಂಸ್ಥೆಯ ಜರ್ಮನಿಯ ಜಾಲತಾಣವನ್ನು ಇಂತಹ ಬಾಗಿಲು-ಪುಟಗಳ ಕಾರಣದಿಂದ ಗೂಗಲ್ ತನ್ನ ಪಟ್ಟಿಯಿಂದಲೇ ತೆಗೆದುಹಾಕಿತ್ತು. ಆ ಪುಟಗಳನ್ನು ಅಳಿಸಿದ ಬಳಿಕವೇ ಮರಳಿ ಸೇರಿಸಿಕೊಂಡಿತು. ಕೊಂಡಿಗಳನ್ನು ಹಣಕ್ಕೆ ಕೊಂಡು ಮನ್ನಣೆಯನ್ನು ಹೆಚ್ಚಿಸಿಕೊಳ್ಳುವುದು ತಕ್ಕಡಿಯ ಕೆಳಗೆ ಹುಣಸೆಹಣ್ಣು ಅಂಟಿಸಿದಂತೆ, ಇದು ಹೀನಾಧಿಕಮಾನೋನ್ಮಾನ. ಅಮೆರಿಕದ ಜೆಸಿ ಪೆನ್ನಿ ಎಂಬ ದೊಡ್ಡ ಮಳಿಗೆಯ ಪುಟಗಳಿಗೆ ಸಂಬಂಧವೇ ಇಲ್ಲದ ತಾಣಗಳಿಂದ ಸಾವಿರಾರು ಕೊಂಡಿಗಳು ಬಂದಿದ್ದುದನ್ನು 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ಮಳಿಗೆಯ ಸ್ಥಾನ ಕುಸಿಯಿತು. ಮರುವರ್ಷ, 2012ರ ಏಪ್ರಿಲಿನಲ್ಲಿ, ಇಂತಹ ಕೃತಕ ಕೊಂಡಿಗಳನ್ನು ಹಿಡಿಯುವ ಪೆಂಗ್ವಿನ್ ಎಂಬ ಪರಿಷ್ಕರಣೆಯನ್ನು ಗೂಗಲ್ ಜಾರಿಗೆ ತಂದಿತು.

ಮೂರನೆಯದಾದ ಪ್ರತಿರೂಪಕವ್ಯವಹಾರಕ್ಕೆ ನಮ್ಮ ಊರಿನ ಬಿದರಿ ಕಲೆಗಿಂತ ಸಮೀಪದ ಉದಾಹರಣೆ ಬೇಡ. ಸತುವಿಗೆ ಅಲ್ಪ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಅರದಿಂದ ಉಜ್ಜಿ, ಚಿತ್ತಾರವನ್ನು ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂಡಿಸಿ, ಕೊನೆಗೆ ಬೀದರ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಕಪ್ಪು ಬಣ್ಣ ಬರಿಸುವ ಈ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಇದೇ ಕಲೆಯ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಗೌರವ ಸಂದಿತು. ಬೇರೆ ಯಾವುದೋ ಲೋಹಕ್ಕೆ ಕರಿ ಬಣ್ಣ ಬಳಿದು, ಪುಟದ ಶೀರ್ಷಿಕೆಯಲ್ಲಿ 'ಅಸಲಿ ಬಿದರಿ' ಎಂದು ಬರೆದು ಮೇಲಿನ ಸಾಲನ್ನು ಹಿಡಿಯುವವನು ಏನು ಮಾಡಿದಂತಾಯಿತು? ಕೊಂಡವನಿಗೆ ಸುಳ್ಳು ಹೇಳಿದ ಎಂಬುದು ಮೊದಲ ದೋಷ. ಆದರೆ ಅಷ್ಟಕ್ಕೇ ವಿಚಾರ ಮುಗಿಯುವುದಿಲ್ಲ.

ನಾನು ಒತ್ತಿ ಹೇಳಬೇಕಾದ ಮಾತು ಇದು. ಸುಳ್ಳು ಪ್ರಚಾರವನ್ನು ನಾವು ಸಾಮಾನ್ಯವಾಗಿ ಸತ್ಯವ್ರತದ ಭಂಗವೆಂದು ಮಾತ್ರ ಎಣಿಸುತ್ತೇವೆ. ಶೋಧಯಂತ್ರದ ವಿಷಯದಲ್ಲಿ ಅದು ಅಚೌರ್ಯವ್ರತದ ಭಂಗವೂ ಆಗಿದೆ. ಗೋಡೆಯ ಮೇಲೆ ಸುಳ್ಳು ಬರೆದವನು ಪಕ್ಕದ ಗೋಡೆಯನ್ನು ಅಳಿಸುವುದಿಲ್ಲ. ಆದರೆ ಮೊದಲ ಪುಟದ ಸ್ಥಾನಗಳು ಎಣಿಕೆಯವು. ಒಬ್ಬನು ಮೇಲೇರಿದರೆ ಇನ್ನೊಬ್ಬನು ಕೆಳಗಿಳಿಯಲೇಬೇಕು, ಮತ್ತು ಎರಡನೆಯ ಪುಟಕ್ಕೆ ಇಳಿದವನನ್ನು ನೋಡುವವರು ವಿರಳ. ಹೀಗಿರುವಾಗ ಕೃತಕ ಮನ್ನಣೆಯಿಂದ ಮೇಲೇರಿದವನು, ನಿಜವಾದ ಗುಣದಿಂದ ಅಲ್ಲಿರಬೇಕಾಗಿದ್ದ ಕುಶಲಕರ್ಮಿಯ ಸ್ಥಾನವನ್ನು ತೆಗೆದುಕೊಂಡಂತಾಯಿತು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ಕಳ್ಳತನಕ್ಕೆ ನಮ್ಮ ಆಚಾರ್ಯರು ಕೊಟ್ಟ ಲಕ್ಷಣ ಅದೇ. ಕಳೆದುಕೊಂಡವನಿಗೆ ತಾನು ಏನನ್ನು ಕಳೆದುಕೊಂಡೆ ಎಂಬುದೂ ತಿಳಿಯದು. ಗಿರಾಕಿ ಬರಲಿಲ್ಲವೆಂದಷ್ಟೇ ತಿಳಿಯುತ್ತದೆ. ಕಳ್ಳತನವು ಕಾಣಿಸದೆ ಇರುವುದರಿಂದ ಕಳ್ಳತನವಲ್ಲದೆ ಹೋಗುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು: ತಕ್ಕಡಿ ಹಿಡಿದವನೇ ನಿಷ್ಪಕ್ಷಪಾತಿಯಲ್ಲ, ಹಾಗಿರುವಾಗ ನಾವೇಕೆ ನಿಯಮ ಪಾಲಿಸಬೇಕು? ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ತನ್ನ ಸೇವೆಗಳಿಗೇ ಅನುಚಿತ ಪ್ರಾಶಸ್ತ್ಯ ಕೊಟ್ಟುಕೊಂಡ ಕಾರಣಕ್ಕಾಗಿ ಐರೋಪ್ಯ ಆಯೋಗವು 2017ರಲ್ಲಿ ಗೂಗಲ್‌ಗೆ 242 ಕೋಟಿ ಯೂರೋ ದಂಡ ವಿಧಿಸಿತು. 2024ರಲ್ಲಿ ಅಲ್ಲಿಯ ಉಚ್ಚ ನ್ಯಾಯಪೀಠ ಅದನ್ನು ಎತ್ತಿಹಿಡಿಯಿತು. ನಮ್ಮ ದೇಶದ ಸ್ಪರ್ಧಾ ಆಯೋಗವೂ 2018ರಲ್ಲಿ 135.86 ಕೋಟಿ ರೂಪಾಯಿ ದಂಡ ಹಾಕಿತು. ಆದರೆ ತೂಗುವವನ ಪಕ್ಷಪಾತಕ್ಕೆ ನ್ಯಾಯಾಸನದ ಮುಂದೆ ಹೋಗುವುದು ಒಂದು, ಅದನ್ನೇ ನೆಪಮಾಡಿಕೊಂಡು ನೆರೆಯ ಅಂಗಡಿಯವನ ತೂಕವನ್ನು ಕದಿಯುವುದು ಇನ್ನೊಂದು. ನಮ್ಮ ಕಪಟದಿಂದ ನಷ್ಟವಾಗುವುದು ಗೂಗಲ್‌ಗೆ ಅಲ್ಲ. ನಮ್ಮಷ್ಟೇ ಚಿಕ್ಕವನಾದ ಇನ್ನೊಬ್ಬ ವ್ಯಾಪಾರಿಗೆ.

ಎರಡನೆಯ ಆಕ್ಷೇಪ: ಎಲ್ಲರೂ ಮಾಡುತ್ತಾರೆ, ಮಾಡದವನು ಪೇಟೆಯಿಂದಲೇ ಮರೆಯಾಗುತ್ತಾನೆ. ಇದು ಹಸಿವಿನ ಮಾತು. ಇದನ್ನು ಹಗುರಾಗಿ ತಳ್ಳಿಹಾಕಲಾಗದು. ಪ್ರಾಮಾಣಿಕನು ಕೆಲಕಾಲ, ಕೆಲವೊಮ್ಮೆ ದೀರ್ಘಕಾಲ, ನಷ್ಟ ಅನುಭವಿಸುತ್ತಾನೆಂಬುದು ನಿಜ. ವ್ರತವು ಲಾಭದ ಭರವಸೆಯನ್ನು ಕೊಡುವುದಿಲ್ಲ. ತಕ್ಕಡಿಯ ವಿಷಯದಲ್ಲಿ ನಮ್ಮ ಹಿರಿಯರ ಮುಂದೆಯೂ ಇದೇ ಆಕ್ಷೇಪವಿತ್ತು. ಹಾಗಿದ್ದೂ ಆಚಾರ್ಯರು ಆ ಅತಿಚಾರವನ್ನು ಪಟ್ಟಿಯಿಂದ ಬಿಡಲಿಲ್ಲ. ಪರಿಗ್ರಹಪರಿಮಾಣವನ್ನು ಸ್ವೀಕರಿಸಿದ ಗೃಹಸ್ಥನಿಗೆ ಮೊದಲನೆಯವನಾಗಲೇಬೇಕೆಂಬ ಹಠವು ತಾನಾಗಿಯೇ ಸಡಿಲಗೊಳ್ಳುತ್ತದೆ. ಸಾಕಷ್ಟು ಗಿರಾಕಿ ಬಂದರೆ ಅವನ ಸಂಸಾರ ನಡೆಯುತ್ತದೆ.

ಟ್ರಸ್ಟುಗಳ ಜವಾಬ್ದಾರಿ ಇನ್ನೂ ಹೆಚ್ಚಿನದು. ಯಾತ್ರಿಕರ ಭಕ್ತಿಯನ್ನೇ ಬಂಡವಾಳ ಮಾಡಿಕೊಂಡ ಕಳ್ಳ ತಾಣಗಳು ದೇಶದಲ್ಲಿ ಹರಡಿವೆ. ಕೇದಾರನಾಥದ ಹೆಲಿಕಾಪ್ಟರ್ ಪ್ರಯಾಣ, ಸೋಮನಾಥದ ಅತಿಥಿಗೃಹ ಮೊದಲಾದವುಗಳ ಹೆಸರಿನಲ್ಲಿ ನಕಲಿ ತಾಣಗಳೂ ಶೋಧಯಂತ್ರದ ಜಾಹೀರಾತುಗಳೂ ಯಾತ್ರಿಕರನ್ನು ವಂಚಿಸುತ್ತಿವೆ ಎಂದು ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2025ರ ಏಪ್ರಿಲಿನಲ್ಲಿ ಎಚ್ಚರಿಕೆ ಕೊಟ್ಟಿತು. ನಿಜವಾದ ಸಂಸ್ಥೆಯು ಅಲಕ್ಷ್ಯದಿಂದ ಕಾಣಿಸದೆ ಉಳಿದರೆ ಆ ತೆರವಾದ ಜಾಗದಲ್ಲಿ ವಂಚಕನು ಬಂದು ಕೂಡುತ್ತಾನೆ. ಆದ್ದರಿಂದ ಪ್ರತಿಯೊಂದು ಬಸದಿಗೂ ಒಂದೇ ಅಧಿಕೃತ ಪುಟವಿರಲಿ. ನೋಂದಾಯಿತ ಹೆಸರು, ಸರಿಯಾದ ವಿಳಾಸ, ದರ್ಶನದ ವೇಳೆ, ಟ್ರಸ್ಟಿನ ಹೆಸರಿನ ಬ್ಯಾಂಕ್ ಖಾತೆ ಅದರಲ್ಲಿರಲಿ. ವರ್ಷಕ್ಕೊಮ್ಮೆಯಾದರೂ ಟ್ರಸ್ಟಿಗಳು ಕುಳಿತು ಅದನ್ನು ಪರಿಶೀಲಿಸಲಿ. ಶಾಸನಾಧಾರವಿಲ್ಲದೆ 'ಅತಿ ಪ್ರಾಚೀನ' ಎಂದಾಗಲಿ, ಭಕ್ತರನ್ನು ಸೆಳೆಯಲೆಂದು 'ಚಮತ್ಕಾರಿಕ' ಎಂದಾಗಲಿ ಬರೆಯಿಸಬಾರದು. ಪ್ರಚಾರದ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ್ದೇವೆಂದು ಸುಮ್ಮನಾಗುವಂತೆಯೂ ಇಲ್ಲ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಆಸ್ರವಕ್ಕೆ ಕಾರಣವೆಂಬುದನ್ನು ಶ್ರಾವಕರಿಗೆ ಬಿಡಿಸಿ ಹೇಳಬೇಕಿಲ್ಲ.

ವ್ಯಾಪಾರಿಗಳಿಗೆ ಇನ್ನೊಂದು ಮಾತು ಉಳಿದಿದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ನೀಚಗೋತ್ರಕ್ಕೆ ಕಾರಣಗಳನ್ನು ಹೇಳುವಾಗ ಪರನಿಂದೆ, ಆತ್ಮಪ್ರಶಂಸೆಗಳ ಜೊತೆಗೆ, ಇನ್ನೊಬ್ಬರಲ್ಲಿ ಇರುವ ಗುಣವನ್ನು ಮುಚ್ಚುವುದನ್ನೂ ತನ್ನಲ್ಲಿ ಇಲ್ಲದ ಗುಣವನ್ನು ಪ್ರಕಟಿಸುವುದನ್ನೂ ಸೇರಿಸಲಾಗಿದೆ. ಬಿದರಿಯ ವಸ್ತುವನ್ನು ಕುಶಲಕರ್ಮಿಯಿಂದ ಕೊಂಡು ತನ್ನ ಪುಟದಲ್ಲಿ ಮಾರುವವನು, ಮಾಡಿದವನ ಹೆಸರನ್ನು ಎಲ್ಲಿಯೂ ಕಾಣಿಸದೆ ತನ್ನ ಅಂಗಡಿಯ ಹೆಸರನ್ನು ಮಾತ್ರ ಮೆರೆಸಿದರೆ, ಒಂದು ಅಕ್ಷರ ಸುಳ್ಳು ಬರೆಯದಿದ್ದರೂ ಈ ದೋಷಕ್ಕೆ ಪಾತ್ರನಾಗುತ್ತಾನೆ. ಕುಶಲಕರ್ಮಿ ಒಪ್ಪಿದರೆ ಅವನ ಹೆಸರನ್ನು ವಸ್ತುವಿನ ಪಕ್ಕದಲ್ಲಿಯೇ ಬರೆಯಬೇಕು. ಹಾಗೆ ಬರೆದರೆ ನಾಳೆ ಗಿರಾಕಿ ನೇರವಾಗಿ ಅವನ ಬಳಿಗೇ ಹೋದಾನೆಂಬ ಭಯ ಸಹಜ. ಆ ಭಯವಿದ್ದೂ ಬರೆಯುವುದರಲ್ಲಿಯೇ ವ್ರತದ ಬೆಲೆಯಿದೆ.

2024ರಿಂದ ನಮ್ಮ ದೇಶದಲ್ಲಿಯೂ ಗೂಗಲ್ ಅನೇಕ ಪ್ರಶ್ನೆಗಳಿಗೆ ಕೃತಕ ಬುದ್ಧಿಮತ್ತೆಯಿಂದ ಸಿದ್ಧಪಡಿಸಿದ ಉತ್ತರವನ್ನೇ ಎಲ್ಲಕ್ಕಿಂತ ಮೇಲೆ ತೋರಿಸುತ್ತಿದೆ. ಆ ಉತ್ತರವು ನಾವು ನೀವು ಬರೆದಿಟ್ಟ ಪುಟಗಳಿಂದಲೇ ಕಟ್ಟಿದ್ದು. ಆದಕಾರಣ ಇಂದು ಬರೆದ ಕೂಟಲೇಖವು ನಾಳೆ ಬರೆದವನ ಹೆಸರಿಲ್ಲದೆಯೇ ಸತ್ಯವೆಂಬಂತೆ ಚಲಾವಣೆಯಾದೀತು. ಯಂತ್ರಗಳು ಇನ್ನೂ ಬದಲಾಗುತ್ತವೆ. ಆಗಲೂ ಶ್ರಾವಕನು ಕೇಳಿಕೊಳ್ಳಬೇಕಾದ ಪ್ರಶ್ನೆ ಬದಲಾಗುವುದಿಲ್ಲ. ನಾನು ಮಾಡುತ್ತಿರುವುದು ಹುಡುಕುವವನಿಗೆ ದಾರಿ ತೋರಿಸುತ್ತಿದೆಯೆ, ಅಥವಾ ಇನ್ನೊಬ್ಬನ ಬಾಗಿಲನ್ನು ಮರೆಮಾಡುತ್ತಿದೆಯೆ? ದೀಪಾವಳಿಯಂದು ಹೊಸ ವಹಿಗೆ ಪೂಜೆ ಸಲ್ಲಿಸುವ ನಮ್ಮ ಮನೆತನಗಳು, ಆ ದಿನ ತಮ್ಮ ಜಾಲಪುಟವನ್ನೂ ಒಂದು ವಹಿಯೆಂದೇ ಭಾವಿಸಿ ಮೊದಲಿನಿಂದ ಕೊನೆಯವರೆಗೆ ಓದಿ ನೋಡಬೇಕೆಂದು ಧರ್ಮಬಂಧುಗಳಲ್ಲಿ ನನ್ನ ವಿನಂತಿ.