ಸೀಟಿನ ಮೇಲಿನ ಟವೆಲ್ಲು

ಸಂಜೆಯ ಹೊತ್ತು ಭಟ್ಕಳದ ಕಡೆಗೆ ಹೋಗುವ ಬಸ್ಸು ಕುಮಟಾ ನಿಲ್ದಾಣಕ್ಕೆ ಬಂದು ತಿರುಗಿ ನಿಲ್ಲುವುದರೊಳಗೆ ಅರ್ಧ ಸೀಟುಗಳು ಭರ್ತಿಯಾಗಿರುತ್ತವೆ, ಆದರೆ ಮನುಷ್ಯರಿಂದಲ್ಲ. ಕಿಟಕಿಯಿಂದ ಒಳಗೆ ಬಿದ್ದ ಟವೆಲ್ಲು, ಕರವಸ್ತ್ರ, ಕೊಡೆ, ಕಾಲೇಜು ಹುಡುಗರ ನೋಟ್‌ಬುಕ್ಕು, ಒಮ್ಮೊಮ್ಮೆ ಯಾರದೋ ಮೂರು ವರ್ಷದ ಮಗು. ಬಾಗಿಲಿನಿಂದ ಹತ್ತಿ ಬಂದವನು ಖಾಲಿ ಸೀಟಿನ ಮುಂದೆ ಒಂದು ಕ್ಷಣ ನಿಂತು, ಟವೆಲ್ಲನ್ನು ನೋಡಿ, ಏನೂ ಹೇಳದೆ ಮುಂದೆ ಹೋಗಿ ಕಂಬಿ ಹಿಡಿದು ನಿಲ್ಲುತ್ತಾನೆ. ಕಂಡಕ್ಟರು ಇದರಲ್ಲಿ ತಲೆ ಹಾಕುವುದಿಲ್ಲ. ತೂಕದಲ್ಲಿ ಮೋಸ ಮಾಡುವವನೂ, ಗದ್ದೆಯ ಅಂಚನ್ನು ವರ್ಷಕ್ಕೊಂದು ಗೇಣು ಒತ್ತುವವನೂ ಈ ಟವೆಲ್ಲಿಗೆ ಕೊಡುವ ಮರ್ಯಾದೆ ನೋಡಿದರೆ ಆಶ್ಚರ್ಯವಾಗುತ್ತದೆ. ಯಾವ ಕಾಯಿದೆಯಲ್ಲೂ ಬರೆದಿಲ್ಲದ ಹಕ್ಕು ಇದು.

ಬಸ್ಸಿನವರಿಗೆ ಶಿಸ್ತಿಲ್ಲ, ವಿಮಾನದಲ್ಲಿ ಹೀಗಿಲ್ಲ ಎನ್ನುವವರಿದ್ದಾರೆ. ನಮ್ಮ ಕಡೆಯ ಜನ ಮಂಗಳೂರಿನಿಂದ ದುಬೈಗೆ ಹಾರುವಾಗ ಬೋರ್ಡಿಂಗ್ ಪಾಸಿನ ಮೇಲೆ ಸೀಟಿನ ನಂಬರು ಇರುವುದರಿಂದ ಹಾಗೆ ಅನ್ನಿಸುತ್ತದೆ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಆರಂಭಿಸಿದ ಏರ್ ಡೆಕ್ಕನ್‌ನಲ್ಲಿ ಸೀಟಿಗೆ ನಂಬರು ಕೊಡುತ್ತಿರಲಿಲ್ಲ. ಮೊದಲು ಹತ್ತಿದವರಿಗೆ ಬೇಕಾದ ಸೀಟು. ಸೂಟು ಹಾಕಿದವರೂ ಆಗ ವಿಮಾನದ ಮೆಟ್ಟಿಲ ಕಡೆಗೆ ಓಡಿದ್ದನ್ನು ನೋಡಿದವರು ಇಂದಿಗೂ ಹೇಳಿ ನಗುತ್ತಾರೆ. ಅಮೆರಿಕದ ಸೌತ್‌ವೆಸ್ಟ್ ಕಂಪೆನಿ 1971ರಿಂದ ಐವತ್ತು ವರ್ಷಕ್ಕೂ ಮಿಕ್ಕಿ ಇದೇ ಪದ್ಧತಿಯಲ್ಲಿ ವಿಮಾನ ಓಡಿಸಿತು. ಅಲ್ಲಿಯೂ ಮೊದಲು ಹತ್ತಿದ ಗಂಡ ಹಿಂದೆ ಬರುವ ಹೆಂಡತಿಗಾಗಿ ಪಕ್ಕದ ಸೀಟಿನ ಮೇಲೆ ಕೋಟು ಇಡುತ್ತಿದ್ದ, ಗೆಳೆಯರ ಗುಂಪಿಗಾಗಿ ಒಬ್ಬನೇ ಇಡೀ ಸಾಲು ಹಿಡಿಯುತ್ತಿದ್ದ, ಜಗಳವಾಗುತ್ತಿತ್ತು. ಹೀಗೆ ಸೀಟು ಹಿಡಿಯಬಹುದೋ ಬಾರದೋ ಎಂದು ಕೇಳಿದರೆ ಕಂಪೆನಿಯ ಉತ್ತರ ನಮ್ಮ ಕಂಡಕ್ಟರನ ಉತ್ತರವೇ: ಪರವಾಗಿಯೂ ನಿಯಮವಿಲ್ಲ, ವಿರೋಧವಾಗಿಯೂ ನಿಯಮವಿಲ್ಲ. ಕೊನೆಗೆ ಪ್ರಯಾಣಿಕರಲ್ಲಿ ಶೇಕಡಾ 80ರಷ್ಟು ಮಂದಿ ಗೊತ್ತಾದ ಸೀಟನ್ನೇ ಬಯಸುತ್ತಾರೆಂದು ಹೇಳಿ, 2026ರ ಜನವರಿ 27ರಿಂದ ಅಲ್ಲಿಯೂ ನಂಬರು ಬಂತು. ಕಾಲು ಚಾಚಲು ಹೆಚ್ಚು ಜಾಗವಿರುವ ಸೀಟಿಗೆ ಹೆಚ್ಚು ದುಡ್ಡೂ ಬಂತು. ದುಡ್ಡಿನ ಲೆಕ್ಕ ಶಿಷ್ಟಾಚಾರದ ಪ್ರಶ್ನೆಯನ್ನು ಎಷ್ಟು ಬೇಗ ಬಗೆಹರಿಸುತ್ತದೆ ನೋಡಿ!

ನಂಬರಿಲ್ಲದ ಕಡೆ ಸೀಟು ಯಾರದು? ಇದು ಸಣ್ಣ ಪ್ರಶ್ನೆಯೆಂದು ನಮ್ಮ ಹಿರಿಯರು ಭಾವಿಸಿರಲಿಲ್ಲ. ಕುಳಿತವನನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂರುವುದನ್ನು ಪ್ರವಾದಿಯವರು(ಸ) ನಿಷೇಧಿಸಿದರೆಂದೂ, ಬದಲಿಗೆ ಸರಿದು ಜಾಗ ಮಾಡಿಕೊಡಲು ಹೇಳಿದರೆಂದೂ ಇಬ್ನು ಉಮರ್(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್ ಎರಡು ಗ್ರಂಥಗಳಲ್ಲೂ ಅದು ಇದೆ. ಯಾರಾದರೂ ಗೌರವದಿಂದ ತಾವಾಗಿಯೇ ಎದ್ದು ಜಾಗ ಬಿಟ್ಟುಕೊಟ್ಟರೂ ಇಬ್ನು ಉಮರ್ ಅಲ್ಲಿ ಕೂರುತ್ತಿರಲಿಲ್ಲವಂತೆ. ಕುಳಿತಿದ್ದವನು ಎದ್ದುಹೋಗಿ ಮರಳಿ ಬಂದರೆ ಆ ಜಾಗದ ಮೇಲೆ ಅವನಿಗೇ ಹೆಚ್ಚು ಹಕ್ಕು ಎಂಬ ಇನ್ನೊಂದು ವರದಿ ಅಬೂಹುರೈರಾ(ರ) ಅವರಿಂದ ಬಂದಿದೆ. ಹೊನ್ನಾವರದಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಚಹಾ ಕುಡಿಯಲು ಇಳಿದವನ ಚೀಲವನ್ನು ಸರಿಸಿ ಕೂರಬಾರದೆನ್ನುವುದು ಇದರಿಂದ ಸ್ಪಷ್ಟ.

ಆದರೆ ಒಳಗೆ ಬಂದೇ ಇಲ್ಲದವನ ಟವೆಲ್ಲು? ಇದಕ್ಕೂ ಮಸೀದಿಯಲ್ಲಿ ಉತ್ತರವಿದೆ. ಜುಮಾ ದಿನ ತಾವು ತಡವಾಗಿ ಬರುವವರು ಮೊದಲ ಸಾಲಿನಲ್ಲಿ ತಮ್ಮ ಮುಸಲ್ಲಾ ಹಾಸಿ ಜಾಗ ಹಿಡಿಯುವ ಅಭ್ಯಾಸ ಹಿಂದಿನ ಕಾಲದಲ್ಲೂ ಇತ್ತು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಡಮಾಸ್ಕಸ್ಸಿನಲ್ಲಿದ್ದ ಇಬ್ನು ತೈಮಿಯ್ಯಾ ಇದನ್ನು ಖಂಡಿಸಿದರು. ಮೊದಲು ಬರಬೇಕಾದದ್ದು ಮನುಷ್ಯ, ಅವನ ಚಾಪೆಯಲ್ಲ. ಚಾಪೆ ಹಾಸಿದವನು ಎಲ್ಲರಿಗೂ ಸೇರಿದ ಜಾಗವನ್ನು ಕಸಿದುಕೊಂಡಂತಾಯಿತು ಎಂಬುದು ಅವರ ವಾದದ ತಿರುಳು. ಕಿಟಕಿಯಿಂದ ಬಿದ್ದ ಟವೆಲ್ಲಿಗೂ ಇದನ್ನು ಅನ್ವಯಿಸಲು ನನಗೇನೂ ಅಡ್ಡಿ ಕಾಣುವುದಿಲ್ಲ.

ಮುದಿ ತಾಯಿಗಾಗಿ ಟವೆಲ್ಲು ಹಾಕಿದರೆ ಎಂದು ನೀವು ಕೇಳುತ್ತೀರಿ. ಅವಳಿಗೆ ಓಡಲಾಗದು, ಮಗ ಓಡುತ್ತಾನೆ, ಅದರಲ್ಲಿ ತಪ್ಪೇನು? ತಪ್ಪಿಲ್ಲ, ಮಗ ಒಳಗೆ ಹೋಗಿ ತಾನು ಕುಳಿತು ಆ ಸೀಟನ್ನು ತಾಯಿಗೆ ಕೊಟ್ಟು ನಿಂತರೆ. ತನಗೆ ಬಂದದ್ದನ್ನು ಅವನು ಕೊಟ್ಟ. ತಾಯಿಗೊಂದು, ತನಗೊಂದು, ಅತ್ತೆಯ ಗೋಣಿಚೀಲಕ್ಕೊಂದು ಹಿಡಿದರೆ ಅವನು ಕೊಡುತ್ತಿರುವುದು ಇನ್ನಿಬ್ಬರಿಗೆ ಬರಬೇಕಾದದ್ದನ್ನು.

ಇಷ್ಟಾಗಿಯೂ ಮೊದಲು ಬಂದವನಿಗೆ ಮೊದಲು ಎಂಬ ನ್ಯಾಯ ಪೂರ್ತಿ ನ್ಯಾಯವಲ್ಲ. ಅದು ಕಾಲುಗಳ ನ್ಯಾಯ. ಭಟ್ಕಳದಲ್ಲಿ ಹತ್ತಿದವನಿಗೆ ಸೀಟು. ಶಿರಾಲಿ, ಮುರ್ಡೇಶ್ವರ, ಮಂಕಿಯಲ್ಲಿ ಹತ್ತಿದವನಿಗೆ ದಿನಾ ಕಂಬಿ. ಅವನು ಎಷ್ಟು ಬೇಗ ಎದ್ದರೂ ಅವನ ಊರು ಮುಂದಿದೆ. ಮೀನುಬುಟ್ಟಿಯ ಹೆಂಗಸಿಗೆ ಸೀಟಿನ ಮಾತು ಹಾಗಿರಲಿ, ಎಷ್ಟೋ ಸಲ ಬಸ್ಸೇ ನಿಲ್ಲುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಗಂಡಸರು ‘ನಮ್ಮ ಸೀಟೆಲ್ಲ ಹೋಯಿತು’ ಎಂದು ಗೊಣಗಿದರಲ್ಲ, ಆ ‘ನಮ್ಮ’ ಎಲ್ಲಿಂದ ಬಂತೋ! ಟಿಕೇಟು ಕೊಂಡವನು ಕೊಂಡದ್ದು ಪ್ರಯಾಣವನ್ನು.

ಪವಿತ್ರ ಕುರ್‌ಆನಿನ ಅಲ್ ಮುಜಾದಿಲಃ ಅಧ್ಯಾಯದ 11ನೇ ಸೂಕ್ತ ಸಭೆಯಲ್ಲಿ ಜಾಗ ಮಾಡಿಕೊಡುವ ಬಗ್ಗೆಯೇ ಇದೆ. ಸರಿಯಿರಿ ಎಂದಾಗ ಸರಿಯಬೇಕು, ಏಳಿರಿ ಎಂದಾಗ ಏಳಬೇಕು ಎಂಬುದು ಅದರ ಆಶಯ. ಬದ್ರ್‌ ಯುದ್ಧದಲ್ಲಿ ಪಾಲ್ಗೊಂಡಿದ್ದವರು ತಡವಾಗಿ ಬಂದು ಜಾಗವಿಲ್ಲದೆ ನಿಂತಿದ್ದಾಗ ಪ್ರವಾದಿಯವರು(ಸ) ಕೆಲವರನ್ನು ಏಳಲು ಹೇಳಿದರೆಂದು ವ್ಯಾಖ್ಯಾನಕಾರರು ಹಿನ್ನೆಲೆ ಕೊಡುತ್ತಾರೆ. ಇಬ್ನು ಉಮರ್ ವರದಿಗೂ ಇದಕ್ಕೂ ವಿರೋಧವಿಲ್ಲ. ತಾನು ಕೂರುವುದಕ್ಕಾಗಿ ಇನ್ನೊಬ್ಬನನ್ನು ಎಬ್ಬಿಸುವುದು ಬೇರೆ, ಸಭೆಯ ಹೊಣೆ ಹೊತ್ತವನು ಅರ್ಹನಿಗಾಗಿ ಎಬ್ಬಿಸುವುದು ಬೇರೆ. ಬಸ್ಸಿನಲ್ಲಿ ಆ ಹೊಣೆ ಕಂಡಕ್ಟರನದು. ಬಸುರಿ ಹೆಂಗಸು ಕಂಬಿ ಹಿಡಿದು ನಿಂತಿರುವಾಗ ಹುಡುಗರು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರೆ ಅವನು ಬಾಯಿ ತೆರೆಯಲೇಬೇಕು.

ಹೊಣೆ ಹೊತ್ತವನೇ ಅನ್ಯಾಯಕ್ಕೆ ಎಬ್ಬಿಸಿದರೆ? ಅಮೆರಿಕದ ಮಾಂಟ್ಗೊಮರಿಯಲ್ಲಿ 1955ರ ಡಿಸೆಂಬರ್ 1ರಂದು ಒಬ್ಬ ಬಿಳಿಯ ಗಂಡಸಿಗಾಗಿ ಸಾಲಿನಲ್ಲಿದ್ದ ನಾಲ್ವರು ಕರಿಯರೂ ಏಳಬೇಕೆಂದು ಚಾಲಕ ಹೇಳಿದ. ಮೂವರು ಎದ್ದರು, ರೋಸಾ ಪಾರ್ಕ್ಸ್ ಏಳಲಿಲ್ಲ. 381 ದಿನ ಆ ಊರಿನ ಕರಿಯರು ಬಸ್ಸು ಹತ್ತಲಿಲ್ಲ. ಏಳುವುದು ಸೌಜನ್ಯವಾಗುವುದು ಏಳದಿರುವ ಸ್ವಾತಂತ್ರ್ಯ ಇದ್ದಾಗ ಮಾತ್ರ.

ನಮ್ಮವರೂ ತಮ್ಮ ಅಂಗಳ ನೋಡಿಕೊಳ್ಳುವುದು ಒಳ್ಳೆಯದು. ಸಫ್‌ನಲ್ಲಿ ಅರಸನೂ ಸೇವಕನೂ ಭುಜಕ್ಕೆ ಭುಜ ಕೊಟ್ಟು ನಿಲ್ಲುತ್ತಾರೆಂದು ಭಾಷಣ ಮಾಡುವ ಜಲ್ಸಾದಲ್ಲಿಯೇ ಮುಂದಿನ ಸಾಲಿಗೆ ಸೋಫಾ ಹಾಕಿ, ದೇಣಿಗೆ ಕೊಟ್ಟವರಿಗಾಗಿ ಕಾದಿರಿಸಿ, ಹಗ್ಗ ಕಟ್ಟುತ್ತೇವೆ. ಜುಮಾ ದಿನ ಕುಳಿತವರ ಕುತ್ತಿಗೆ ದಾಟುತ್ತ ಮುಂದೆ ಬರುತ್ತಿದ್ದ ಒಬ್ಬನಿಗೆ ಪ್ರವಾದಿಯವರು(ಸ) ಖುತ್ಬಾದ ನಡುವೆಯೇ, ಜನರಿಗೆ ಹಿಂಸೆ ಕೊಟ್ಟೆ, ಕುಳಿತುಕೋ ಎಂಬರ್ಥದ ಮಾತು ಹೇಳಿದ್ದರು. ನಮ್ಮಲ್ಲಿ ಹಾಗೆ ದಾಟಿ ಬರುವವನಿಗೆ ಸ್ವಯಂಸೇವಕರೇ ದಾರಿ ಬಿಡಿಸುತ್ತಾರೆ.

ಇನ್ನೊಂದು ಮಾತನ್ನು ಹೇಳದೆ ಈ ವಿಷಯ ಬಿಡುವಂತಿಲ್ಲ. ನಂಬರಿರುವ ಕಡೆ ಪಕ್ಕದಲ್ಲಿ ಯಾರಿರಬೇಕೆಂದು ಯಂತ್ರ ನಿರ್ಧರಿಸುತ್ತದೆ. ಇಲ್ಲದ ಕಡೆ ನಾವು. ಭಟ್ಕಳ 1993ರಲ್ಲಿ ತಿಂಗಳುಗಟ್ಟಲೆ ಗಲಭೆ ಕಂಡ ಊರು. 2017ರ ಡಿಸೆಂಬರಿನಲ್ಲಿ ಹೊನ್ನಾವರ, ಕುಮಟಾಗಳೂ ಉರಿದವು. ಅಂಥ ದಿನಗಳ ನಂತರ ಬಸ್ಸು ಮತ್ತೆ ಓಡತೊಡಗಿದಾಗ ಜನ ಎಲ್ಲೆಲ್ಲಿ ಕೂರುತ್ತಾರೆಂದು ನೋಡಿದರೆ ಊರಿನ ಮನಸ್ಸು ತಿಳಿಯುತ್ತದೆ. ಗಡ್ಡ ಬಿಟ್ಟವನ ಪಕ್ಕದ ಸೀಟು ಕೊನೆಯವರೆಗೂ ಖಾಲಿ ಉಳಿದು, ಇಬ್ಬರು ನಿಂತೇ ಬರುತ್ತಾರೆ. ನಮ್ಮವರೂ ಹತ್ತಿದ ಕೂಡಲೇ ಕಣ್ಣಲ್ಲಿ ಟೋಪಿಯನ್ನೋ ಬುರ್ಖಾವನ್ನೋ ಹುಡುಕುತ್ತಾರೆ. ಕೆಳಗೆ ದಕ್ಷಿಣ ಕನ್ನಡದಲ್ಲಿ ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಬಸ್ಸಿನಲ್ಲಿ ಜೊತೆಗೆ ಕುಳಿತರೆಂದು ಇಳಿಸಿ ಹೊಡೆದದ್ದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಹೊಡೆದವರಿಗೆ ಬೇಕಾಗಿರುವುದೂ ಒಂದು ಬಗೆಯ ನಂಬರೇ: ನೀನು ಇಲ್ಲಿ, ಅವನು ಅಲ್ಲಿ.

ಇದರಿಂದಲೇ ನನಗೆ ಈ ನೂಕುನುಗ್ಗಲಿನ, ನಂಬರಿಲ್ಲದ ಬಸ್ಸಿನ ಮೇಲೆ ಮೋಹ. ಬುರ್ಖಾ ಹಾಕಿದ ಹೆಂಗಸು ಪಕ್ಕದಲ್ಲಿ ತನ್ನ ಚೀಲ ಇಟ್ಟುಕೊಂಡಿರುತ್ತಾಳೆ. ಯಾರೂ ಕೂರಲು ಬರುವುದಿಲ್ಲವೆಂದು ಅವಳು ಇಟ್ಟಿದ್ದು. ಅವಳು ಯಾರನ್ನೂ ಕೂರಿಸಲೊಲ್ಲಳೆಂದು ನಿಂತವರು ತಿಳಿದದ್ದು. ಹಳದೀಪುರದಲ್ಲಿ ಹೂವಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಹತ್ತುತ್ತಾಳೆ. ಅವಳಿಗೆ ಇದೊಂದೂ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಮೊಣಕಾಲು ನೋವು ಅದಕ್ಕಿಂತ ದೊಡ್ಡದು. ‘ಇಲ್ಲಿ ಯಾರಾದ್ರೂ ಬರ್ತಾರನೇ ತಂಗಿ?’ ಎಂದು ಕೇಳುತ್ತಾಳೆ. ‘ಇಲ್ಲ ಅಮ್ಮಾ, ಕೂತ್ಕೊಳ್ಳಿ’ ಎಂದು ಚೀಲ ಮಡಿಲಿಗೆ ಬರುತ್ತದೆ.