ತಕ್ಕಡಿಗೆ ಸಿಗದ ಸೈಕಲ್ಲು

ಬಿಡಿಭಾಗಗಳು ಕೂಡಿ ಆದ ವಸ್ತು ಆ ಭಾಗಗಳಿಗಿಂತ ಬೇರೆಯಾದದ್ದೋ, ಅಥವಾ ಅವುಗಳ ಗುಂಪಿಗೆ ನಾವಿಟ್ಟ ಹೆಸರು ಮಾತ್ರವೋ? ಭಾರತೀಯ ದಾರ್ಶನಿಕರು ಈ ಪ್ರಶ್ನೆಯನ್ನು ಶತಮಾನಗಳ ಕಾಲ ಬಿಡದೆ ಚರ್ಚಿಸಿದ್ದಾರೆ. ನೈಯಾಯಿಕರು ಅವಯವಗಳಿಗಿಂತ ಬೇರೆಯಾದ ಅವಯವಿ ನಿಜವಾಗಿಯೂ ಇದೆ ಎಂದರು. ಬಟ್ಟೆ ದಾರಗಳಲ್ಲೇ ನೆಲೆಸಿದ್ದರೂ ಅದು ದಾರವಲ್ಲ. ಬೌದ್ಧರು ಒಪ್ಪಲಿಲ್ಲ. ಅವರ ಕಡೆಯಿಂದ ಬಂದ ಆಕ್ಷೇಪಗಳಲ್ಲಿ ನನಗೆ ಬಹಳ ಗಟ್ಟಿಯೆನಿಸುವುದು ತೂಕದ್ದು. ದಾರಗಳ ಜೊತೆಗೆ ಬಟ್ಟೆಯೆಂಬ ಇನ್ನೊಂದು ವಸ್ತು ಹುಟ್ಟಿದ್ದೇ ಆದರೆ ಅದಕ್ಕೂ ತೂಕವಿರಬೇಕು, ನೇಯ್ದ ಮೇಲೆ ತಕ್ಕಡಿ ಇನ್ನಷ್ಟು ತೂಗಬೇಕು, ತೂಗುವುದಿಲ್ಲವಲ್ಲ? ಇದಕ್ಕೆ ಉತ್ತರ ಕೊಡಲು ನೈಯಾಯಿಕನಾದ ಉದ್ಯೋತಕರ ತನ್ನ ನ್ಯಾಯವಾರ್ತಿಕದಲ್ಲಿ ಬಹಳ ಶ್ರಮಪಟ್ಟಿದ್ದಾನೆ. ಈ ಹಳೆಯ ವಾದಕ್ಕೆ ಮೌಂಟನ್ ಬೈಕಿನಷ್ಟು ಒಳ್ಳೆಯ ಪರೀಕ್ಷಾವಸ್ತು ಇವತ್ತು ಸಿಗುವುದು ಕಷ್ಟ. ಅದರ ಪ್ರತಿಯೊಂದು ಭಾಗಕ್ಕೂ ಬೇರೆ ತಯಾರಕ, ಬೇರೆ ಬೆಲೆ, ಗ್ರಾಮಿನಲ್ಲಿ ಬರೆದ ಬೇರೆ ತೂಕ. ಫ್ರೇಮು ಒಬ್ಬರದು, ಫೋರ್ಕು ಇನ್ನೊಬ್ಬರದು, ಟೈರು ಮತ್ತೊಬ್ಬರದು. ಸವಾರರು ದಿನವಿಡೀ ಭಾಗಗಳ ಬಗ್ಗೆಯೇ ಮಾತಾಡುತ್ತಾರೆ. ಆದರೂ ಅವರಿಗೆ ಬೇಕಾದದ್ದು ಯಾವ ಭಾಗದಲ್ಲೂ ಇಲ್ಲ.

ಈ ಸೈಕಲ್ಲಿನ ಹುಟ್ಟೇ ವಾದಕ್ಕೆ ಮೊದಲ ಸಾಕ್ಷಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಗುಡ್ಡಗಳಲ್ಲಿ ಒಂದಷ್ಟು ಯುವಕರು, ಎರಡನೇ ಮಹಾಯುದ್ಧಕ್ಕೂ ಹಿಂದಿನ ಭಾರವಾದ ಶ್ವಿನ್ ಸೈಕಲ್ಲುಗಳ ಫ್ರೇಮುಗಳಿಗೆ ದಪ್ಪ ಟೈರು ಹಾಕಿ ಮಣ್ಣುದಾರಿಯಲ್ಲಿ ಇಳಿಯಲು ಶುರುಮಾಡಿದರು. ಬ್ರೇಕಿನ ಹಿಡಿಕೆಗಳನ್ನು ಮೋಟಾರ್‌ಸೈಕಲ್ಲಿನಿಂದ ತಂದರು, ಗೇರು ಬದಲಿಸುವ ಸಲಕರಣೆಯನ್ನು ದೂರಪ್ರಯಾಣದ ಸೈಕಲ್ಲುಗಳಿಂದ ತಂದರು. 1976ರ ಅಕ್ಟೋಬರ್‌ನಲ್ಲಿ ಅಲ್ಲಿ ಇಳಿಜಾರಿನ ಸ್ಪರ್ಧೆಗಳು ಆರಂಭವಾದವು. ಮರುವರ್ಷ ಜೋ ಬ್ರೀಝ್ ಆ ಕೆಲಸಕ್ಕೆಂದೇ ಫ್ರೇಮು ಕಟ್ಟಿದ. ಅಲ್ಲಿಯವರೆಗೆ ಆ ಗುಡ್ಡದಲ್ಲಿ ಓಡಿದ ಸೈಕಲ್ಲುಗಳಲ್ಲಿ ಮೌಂಟನ್ ಬೈಕಿನದು ಎನ್ನಬಹುದಾದ ಭಾಗ ಹೆಚ್ಚುಕಡಿಮೆ ಒಂದೂ ಇರಲಿಲ್ಲ. ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ಕೇಳಿದ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ಉತ್ತರ ನಾಗಸೇನನಿಗೇ ಪೂರ್ತಿ ಅನುಕೂಲ: ಚಕ್ರ ರಥವೇ? ಅಚ್ಚು ರಥವೇ? ಮೂಕಿ ರಥವೇ? ಯಾವುದೂ ಅಲ್ಲದಿದ್ದರೆ ರಥವೆನ್ನುವುದು ಭಾಗಗಳನ್ನು ಆಧರಿಸಿ ನಡೆಯುವ ಒಂದು ವ್ಯವಹಾರ. ಆದರೆ ಹಿಂಬದಿ ಚಕ್ರದ ಹಬ್ಬನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಳೆಯ ಸೈಕಲ್ಲುಗಳಲ್ಲಿದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಆ ಇಳಿಜಾರಿನಲ್ಲಿ ಅದು ಎಷ್ಟು ಕಾಯುತ್ತಿತ್ತೆಂದರೆ ಹಬ್ಬಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗಿ ಹೊರಬರುತ್ತಿತ್ತು; ಮತ್ತೆ ಇಳಿಯುವ ಮೊದಲು ಹಬ್ಬನ್ನು ಬಿಚ್ಚಿ ಹೊಸ ಗ್ರೀಸು ತುಂಬಬೇಕಿತ್ತು. ಅದೇ ಹಬ್ಬು ಊರಿನ ಸಮತಟ್ಟಾದ ಬೀದಿಯಲ್ಲಿ ಪತ್ರಿಕೆ ಹಂಚುವ ಹುಡುಗರ ಕಾಲಡಿಯಲ್ಲಿ ತೊಂದರೆ ಕೊಡದೆ ದುಡಿದಿತ್ತು. ಅಂದಮೇಲೆ ದೋಷ ಹಬ್ಬಿನದಲ್ಲ. ಆ ಫ್ರೇಮಿನ ಭಾರ, ಆ ಇಳಿಜಾರು, ಆ ಸವಾರನ ಮೈ, ಆ ಬ್ರೇಕು ಎಲ್ಲ ಕೂಡಿದಾಗ ಮಾತ್ರ ಅದು ಹುಟ್ಟಿದ್ದು. ಬರೀ ಹೆಸರಿಗೆ ಗ್ರೀಸು ಸುಡುವ ಶಕ್ತಿಯಿಲ್ಲ.

ಇಲ್ಲಿಂದ ತಕ್ಕಡಿಯ ಆಕ್ಷೇಪಕ್ಕೆ ಬರೋಣ. ಕಾರಣದ ಗುಣಗಳಿಂದಲೇ ಕಾರ್ಯದ ಗುಣಗಳು ಹುಟ್ಟುತ್ತವೆ, ಬಿಳಿಯ ದಾರದಿಂದ ಬಿಳಿಯ ಬಟ್ಟೆ ಬರುತ್ತದೆ ಎಂಬುದು ನೈಯಾಯಿಕರ ಜೊತೆಗಾರರಾದ ವೈಶೇಷಿಕರ ನಿಯಮ. ತೂಕಕ್ಕೆ ಈ ಮಾತು ಸರಿಯಾಗಿ ಹೊಂದುತ್ತದೆ: ಭಾಗಗಳ ತೂಕ ಕೂಡಿಸಿದರೆ ಸೈಕಲ್ಲಿನ ತೂಕ ಬರುತ್ತದೆ, ಒಂದು ಗ್ರಾಮೂ ಆಚೀಚೆ ಆಗುವುದಿಲ್ಲ. ಇಷ್ಟರ ಮಟ್ಟಿಗೆ ಬೌದ್ಧರು ಗೆದ್ದರು. ಆದರೆ ಸೈಕಲ್ಲು ಇಳಿಜಾರಿನಲ್ಲಿ ನಿಶ್ಚಿಂತೆಯಿಂದ ನೇರ ಹೋಗುತ್ತದೋ, ತಿರುವಿನಲ್ಲಿ ಚುರುಕಾಗಿ ಬಾಗುತ್ತದೋ ಎಂಬ ಗುಣಗಳು ಹೀಗೆ ಕೂಡಿಸಿದರೆ ಬರುವವಲ್ಲ. ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ ಎಂಬ ತುಂಡನ್ನೇ ತೆಗೆದುಕೊಳ್ಳಿ. 1990ರ ದಶಕದ ಸ್ಪರ್ಧಾ ಸೈಕಲ್ಲುಗಳಲ್ಲಿ ಅದು 120, 130 ಮಿಲಿಮೀಟರ್ ಉದ್ದವಿರುವುದು ಸಾಮಾನ್ಯವಾಗಿತ್ತು. ಈಗಿನ ಬಹಳಷ್ಟು ಮೌಂಟನ್ ಬೈಕುಗಳಲ್ಲಿ 35ರಿಂದ 50. ಹಾಗಾದರೆ ಗಿಡ್ಡ ಸ್ಟೆಮ್ ಒಳ್ಳೆಯದು ಎಂದು ಹೇಳಬಹುದೇ? ಅಂದಿನ ಫ್ರೇಮುಗಳು ಮುಂದಕ್ಕೆ ಗಿಡ್ಡ, ಹ್ಯಾಂಡಲು 600 ಮಿಲಿಮೀಟರಿಗಿಂತ ಕಡಿಮೆ ಅಗಲ, ಫೋರ್ಕು ನೆಲದೊಂದಿಗೆ ಮಾಡುವ ಮುಂಭಾಗದ ಕೋನ 71 ಡಿಗ್ರಿಯಷ್ಟು ಕಡಿದು. ಅದಕ್ಕೆ ಇಂದಿನ ಗಿಡ್ಡ ಸ್ಟೆಮ್ ಹಾಕಿದರೆ ಸವಾರನ ಮೊಣಕಾಲು ಹ್ಯಾಂಡಲಿನ ಹತ್ತಿರ ಬರುತ್ತದೆ, ಮುಂಚಕ್ರದ ಮೇಲೆ ಭಾರ ಸಾಲದಾಗುತ್ತದೆ, ಸೈಕಲ್ಲು ದಿಕ್ಕಿಗೆ ನಿಲ್ಲುವುದಿಲ್ಲ. ಇಂದಿನ ಉದ್ದನೆಯ ಫ್ರೇಮಿಗೆ, 65 ಡಿಗ್ರಿಯ ಕೋನಕ್ಕೆ, 780 ಮಿಲಿಮೀಟರಿನ ಹ್ಯಾಂಡಲಿಗೆ ಹಳೆಯ ಉದ್ದ ಸ್ಟೆಮ್ ಹಾಕಿದರೂ ಕೆಡುಕೇ. ಅಂದಿನವರು ದಡ್ಡರಾಗಿರಲಿಲ್ಲ, ಅವರ ಸ್ಟೆಮ್ ಅವರ ಸೈಕಲ್ಲಿಗೆ ಸರಿಯಾಗಿತ್ತು. ಒಳ್ಳೆಯತನ ಸ್ಟೆಮ್ಮಿನಲ್ಲಿ ನೆಲೆಸಿದ ಗುಣವಲ್ಲವೆಂದು ಇದರಿಂದ ಗೊತ್ತಾಗುತ್ತದೆ. ಭಾಗಗಳ ತೂಕ ನೋಡಿ, ಬೆಲೆ ನೋಡಿ ಒಂದೊಂದಾಗಿ ಅತ್ಯುತ್ತಮವಾದುದನ್ನು ಆರಿಸಿ ಸೈಕಲ್ಲು ಕಟ್ಟುವವರು ತಮಗರಿವಿಲ್ಲದೆ ತಕ್ಕಡಿಯ ಪಕ್ಷ ವಹಿಸಿರುತ್ತಾರೆ, ಮತ್ತು ನಿರಾಶರಾಗುತ್ತಾರೆ.

ಫೋರ್ಕಿನ ಉದಾಹರಣೆ ಇನ್ನೂ ಸ್ಪಷ್ಟ. 140 ಮಿಲಿಮೀಟರ್ ಕುಗ್ಗುವ ಫೋರ್ಕನ್ನು ತೆಗೆದು 160 ಮಿಲಿಮೀಟರಿನದನ್ನು ಹಾಕಿದರೆ ಮುಂಭಾಗ ಸುಮಾರು ಆ ವ್ಯತ್ಯಾಸದಷ್ಟೇ ಎತ್ತರಕ್ಕೇರುತ್ತದೆ. ಅದರಿಂದ ಮುಂಭಾಗದ ಕೋನ ಹೆಚ್ಚುಕಡಿಮೆ ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಪೆಡಲು ಕೂತಿರುವ ಅಚ್ಚು ನೆಲದಿಂದ ಕೆಲವು ಮಿಲಿಮೀಟರ್ ಮೇಲೇಳುತ್ತದೆ. ಸೀಟು ಹಿಂದಕ್ಕೆ ಸರಿಯುತ್ತದೆ, ಏರುದಾರಿಯಲ್ಲಿ ಸವಾರನ ಭಾರ ಹಿಂಚಕ್ರದ ಕಡೆಗೆ ಜಾರುತ್ತದೆ. ಸೀಟನ್ನು ಯಾರೂ ಮುಟ್ಟಿಲ್ಲ, ಪೆಡಲಿನ ಬೋಲ್ಟು ಸಡಿಲಿಸಿಲ್ಲ, ಹಿಂಚಕ್ರ ಇದ್ದಲ್ಲೇ ಇದೆ. ಆದರೂ ಅವೆಲ್ಲ ಬೇರೆಯಾಗಿವೆ. ಭಾಗಗಳೇ ಸತ್ಯ, ಇಡಿಯೆಂಬುದು ಕಲ್ಪನೆ ಎನ್ನುವುದಾದರೆ, ಮುಟ್ಟದ ಭಾಗಗಳಲ್ಲಿ ಆದ ಈ ಬದಲಾವಣೆ ಎಲ್ಲಿ ನಡೆಯಿತು? ಒಂದು ತುದಿ ಹಿಡಿದು ಎಳೆದರೆ ವಸ್ತು ಪೂರ್ತಿಯಾಗಿ ಬರುತ್ತದೆ, ಆದ್ದರಿಂದ ಅವಯವಿ ಇದೆ ಎಂದು ಗೌತಮನ ನ್ಯಾಯಸೂತ್ರ ವಾದಿಸುತ್ತದೆ. ಫೋರ್ಕಿನ ಸಾಕ್ಷಿ ಅದಕ್ಕಿಂತ ಸೂಕ್ಷ್ಮವಾದದ್ದು, ನನ್ನ ಪ್ರಕಾರ ಅದಕ್ಕಿಂತ ಬಲವಾದದ್ದು.

ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ಅವಯವಿ ನಿಜವಾಗಿ ಒಂದೇ ಆಗಿದ್ದರೆ ಕೈ ಅಲುಗಿದಾಗ ಇಡೀ ದೇಹ ಅಲುಗಬೇಕಿತ್ತು. ಕೈ ಅಲುಗುತ್ತದೆ, ಮೈ ಸುಮ್ಮನಿರುತ್ತದೆ. ಒಂದೇ ವಸ್ತು ಏಕಕಾಲಕ್ಕೆ ಅಲುಗುವುದೂ ಅಲುಗದಿರುವುದೂ ಸಾಧ್ಯವಿಲ್ಲ, ಆದ್ದರಿಂದ ಅದು ಒಂದಲ್ಲ ಎನ್ನುತ್ತಾನೆ. ಸಸ್ಪೆನ್ಷನ್ ಇರುವ ಸೈಕಲ್ಲು ಈ ಮಾತಿಗೆ ಹೇಳಿಮಾಡಿಸಿದ ನಿದರ್ಶನದಂತೆ ಕಾಣುತ್ತದೆ. ಚಕ್ರ ಕಲ್ಲಿಗೆ ಬಡಿದು ಮೇಲೇಳುತ್ತದೆ, ಸವಾರನೂ ಫ್ರೇಮೂ ಹೆಚ್ಚುಕಡಿಮೆ ಇದ್ದ ಎತ್ತರದಲ್ಲೇ ಮುಂದೆ ಸಾಗುತ್ತಾರೆ. ಒಂದು ಭಾಗ ಅಲುಗಿದಾಗ ಉಳಿದದ್ದು ಅಲುಗದಿರಲಿ ಎಂದೇ ಅದನ್ನು ಮಾಡಿರುವುದು. ಆದರೆ ಚಕ್ರ ಮಾತ್ರ ಅಲುಗುವುದು ಹೇಗೆ ಸಾಧ್ಯವಾಯಿತೆಂದು ವಿಚಾರಿಸಬೇಕು. ಫೋರ್ಕಿನೊಳಗಿನ ಗಾಳಿಯ ಒತ್ತಡವನ್ನು ಸವಾರನ ತೂಕಕ್ಕೆ ಹೊಂದಿಸಿದೆ. ಎಣ್ಣೆ ಹರಿಯುವ ಕಿಂಡಿಯನ್ನು ಫೋರ್ಕು ಮರಳಿ ಚಾಚಿಕೊಳ್ಳುವ ವೇಗಕ್ಕೆ ತಕ್ಕಂತೆ ಬಿಗಿಮಾಡಿದೆ. ಟೈರಿನ ಗಾಳಿ ಇದೆರಡಕ್ಕೂ ಹೊಂದುವಂತಿದೆ. ಇವುಗಳಲ್ಲಿ ಒಂದು ತಪ್ಪಿದರೂ ಸವಾರನ ಮೈಯೆಲ್ಲ ಅದುರುತ್ತದೆ. ಮರಳುವ ವೇಗ ತೀರಾ ಕಡಿಮೆಯಿಟ್ಟರೆ ಒಂದರ ಹಿಂದೆ ಒಂದು ಕಲ್ಲು ಬರುವಾಗ ಫೋರ್ಕು ಚಾಚಿಕೊಳ್ಳಲು ಸಮಯ ಸಿಗದೆ ಕುಗ್ಗುತ್ತ ಕುಗ್ಗುತ್ತ ಗಡುಸಾಗುತ್ತದೆ. ಭಾಗ ಅಲುಗಿಯೂ ಇಡಿ ನಿಶ್ಚಲವಾಗಿರಲು ಇಡಿಯ ಹೊಂದಿಕೆಯೇ ಕಾರಣ. ಧರ್ಮಕೀರ್ತಿ ಇಡಿಯ ವಿರುದ್ಧ ಕೊಟ್ಟ ಸಾಕ್ಷಿ ಇಲ್ಲಿ ಇಡಿಯ ಪರವಾಗಿಯೇ ನಿಲ್ಲುತ್ತದೆ.

ಎದುರುವಾದಿ ಇಷ್ಟಕ್ಕೆ ಸುಮ್ಮನಾಗುವುದಿಲ್ಲ, ಆಗಲೂಬಾರದು. ನೀವು ತೋರಿಸಿದ್ದೆಲ್ಲ ಭಾಗಗಳ ನಡುವಿನ ಅಂತರ, ಕೋನ, ಒತ್ತಡ. ಭಾಗಗಳ ಪಟ್ಟಿಗೆ ಜೋಡಣೆಯ ಪಟ್ಟಿಯನ್ನೂ ಸೇರಿಸಿದರಾಯಿತು, ಅದರಾಚೆಗೆ ಸೈಕಲ್ಲೆಂಬ ಮತ್ತೊಂದು ವಸ್ತು ಎಲ್ಲಿದೆ ಎಂದು ಆತ ಕೇಳಬಹುದು. ಈ ಮಾತಿನ ಅರ್ಧವನ್ನು ನಾನು ಮನಸಾರೆ ಒಪ್ಪುತ್ತೇನೆ. ಭಾಗಗಳ ಮೇಲೆ ಹೊದಿಸಿದ ಎರಡನೆಯ ವಸ್ತುವೊಂದು ಇಲ್ಲ. ಇದ್ದಿದ್ದರೆ ಅದನ್ನು ಭಾಗಗಳಿಗೆ ಅಂಟಿಸಲು ಸಮವಾಯವೆಂಬ ಸಂಬಂಧ, ಆ ಸಂಬಂಧವನ್ನು ಅಂಟಿಸಲು ಇನ್ನೊಂದು ಸಂಬಂಧ ಹೀಗೆ ಕೊನೆಯಿಲ್ಲದೆ ಬೇಕಾಗುತ್ತದೆಂದು ಶಂಕರರು ತೋರಿಸಿದ್ದಾರೆ, ಮಧ್ವರೂ ಸಮವಾಯವನ್ನು ತಳ್ಳಿಹಾಕಿದ್ದಾರೆ. ಆದರೆ ಜೋಡಣೆಯನ್ನು ಪಟ್ಟಿಗೆ ಸೇರಿಸಿದ ಕ್ಷಣದಲ್ಲೇ ಭಾಗಗಳಷ್ಟೇ ಸತ್ಯ ಎಂಬ ಮೂಲ ಪ್ರತಿಜ್ಞೆ ಕೈಬಿಟ್ಟುಹೋಯಿತು. 65 ಡಿಗ್ರಿ ಎಂಬುದನ್ನು ಬಿಚ್ಚಿ ಮೇಜಿನ ಮೇಲಿಡಲು ಬರುವುದಿಲ್ಲ, ತೂಗಲು ಬರುವುದಿಲ್ಲ, ಆದರೂ ಅದು ಸವಾರನನ್ನು ಬೀಳಿಸಬಲ್ಲದು, ಉಳಿಸಬಲ್ಲದು. ಕಾರ್ಯ ಮಾಡುವ ಸಾಮರ್ಥ್ಯವೇ ಸತ್ತೆಯ ಲಕ್ಷಣವೆಂದು ಹೇಳಿದವನು ಧರ್ಮಕೀರ್ತಿಯೇ. ಆ ಅಳತೆಗೋಲಿನಿಂದ ಅಳೆದರೆ ಹೊಂದಿಕೆ ಪೂರ್ತಿ ಸತ್ಯ.

ಮಧ್ವಾಚಾರ್ಯರ ವಿಚಾರ ಇಲ್ಲಿ ಕೈಹಿಡಿಯುತ್ತದೆ. ಪಾಜಕದಲ್ಲಿ ಹುಟ್ಟಿ ಉಡುಪಿಯಲ್ಲಿ ನೆಲೆಸಿದ ಆ ಆಚಾರ್ಯರ ತರ್ಕ ನಮ್ಮವರಲ್ಲೇ ಸಾಕಷ್ಟು ಪರಿಚಿತವಾಗಿಲ್ಲ ಎಂಬ ಕೊರಗು ನನಗಿದೆ. ಅವರ ಪ್ರಕಾರ, ವಸ್ತು ಇರುವವರೆಗೂ ಇರುವ ಧರ್ಮ ವಸ್ತುವಿನಿಂದ ಬೇರೆಯಲ್ಲ, ವಿಶೇಷವೆಂಬ ತತ್ತ್ವದ ಬಲದಿಂದ ಬೇರೆ ಎಂಬಂತೆ ವ್ಯವಹಾರ ನಡೆಯುತ್ತದೆ ಅಷ್ಟೆ. ವಸ್ತು ಉಳಿದಿರುವಾಗಲೇ ಬಿಟ್ಟುಹೋಗಬಹುದಾದದ್ದಕ್ಕೂ ವಸ್ತುವಿಗೂ ಭೇದವೂ ಇದೆ, ಅಭೇದವೂ ಇದೆ. ಮೊದಲನೆಯದು ಯಾವದ್ದ್ರವ್ಯಭಾವಿ, ಎರಡನೆಯದು ಹಾಗಲ್ಲದ್ದು. ವೈಶೇಷಿಕರ ಲೆಕ್ಕದಲ್ಲಿ ಒಂದು ಭಾಗ ಕಳೆದರೂ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟಬೇಕು. ಟೈರು ಬದಲಿಸಿದಾಗಲೆಲ್ಲ ಹೊಸ ಸೈಕಲ್ಲು ಎಂದಾಗುತ್ತದೆ, ಇದನ್ನು ಯಾವ ಸವಾರನೂ ಒಪ್ಪಲಾರ. ಬೌದ್ಧರ ಲೆಕ್ಕದಲ್ಲಿ ಹಳೆಯದೆಂಬ ಮಾತೂ ವ್ಯವಹಾರಕ್ಕಷ್ಟೆ. ಮಧ್ವರ ವಿಭಾಗ ಸೈಕಲ್ಲಿನ ನಿಜವಾದ ಬಾಳಿಗೆ ಹೆಚ್ಚು ಹೊಂದುತ್ತದೆ. ಟೈರು, ಚೈನು, ಬ್ರೇಕಿನ ಪ್ಯಾಡು ಸವೆಯುತ್ತವೆ, ಹೋಗುತ್ತವೆ, ಸೈಕಲ್ಲು ಉಳಿಯುತ್ತದೆ. ಫ್ರೇಮಿನ ಕೊಳವೆಗಳು ಬೆಸೆದ ಅಳತೆ ಮಾತ್ರ ಫ್ರೇಮು ಇರುವವರೆಗೂ ಇರುತ್ತದೆ. ಅದು ಹೋದರೆ ಸೈಕಲ್ಲೇ ಹೋದಂತೆ. ಮೊದಲು ಫ್ರೇಮನ್ನು ಸರಿಯಾಗಿ ಆರಿಸಬೇಕು, ಮಿಕ್ಕದ್ದನ್ನು ಆಮೇಲೆ ನೋಡಿಕೊಳ್ಳಬಹುದು ಎಂದು ಅನುಭವಿ ಸವಾರರು ಹೇಳುವುದರ ಹಿಂದೆ ಇದೇ ವಿವೇಕವಿದೆ.

ಇನ್ನು ಅಭಿರುಚಿಯ ಪ್ರಶ್ನೆ. ಒಬ್ಬರಿಗೆ 29 ಇಂಚಿನ ಚಕ್ರ ಬೇಕು, ಇನ್ನೊಬ್ಬರಿಗೆ 27.5; ಒಬ್ಬರಿಗೆ ಮೆದುವಾದ ಫೋರ್ಕು, ಇನ್ನೊಬ್ಬರಿಗೆ ಗಡುಸಾದದ್ದು. ಇದೆಲ್ಲ ಬರೀ ರುಚಿಭೇದ, ಅದರಲ್ಲೂ ಮಾರುಕಟ್ಟೆ ಹುಟ್ಟಿಸಿದ ರುಚಿ, ಇದರಲ್ಲಿ ಸತ್ಯಾಸತ್ಯದ ಮಾತೇಕೆ ಎಂಬ ಆಕ್ಷೇಪ ಬಹಳ ಕೇಳಿಬರುತ್ತದೆ. ಮಾರುಕಟ್ಟೆಯ ಪಾತ್ರವನ್ನು ನಾನು ಅಲ್ಲಗಳೆಯುವುದಿಲ್ಲ. ದಶಕಗಳ ಕಾಲ ಎಲ್ಲರೂ 26 ಇಂಚಿನ ಚಕ್ರದಲ್ಲೇ ಓಡಿಸಿ, ಕೆಲವೇ ವರ್ಷಗಳಲ್ಲಿ ಅದು ಅಂಗಡಿಗಳಿಂದ ಬಹುಮಟ್ಟಿಗೆ ಮಾಯವಾದದ್ದಕ್ಕೆ ಸವಾರರ ಸ್ವತಂತ್ರ ವಿಚಾರವೊಂದೇ ಕಾರಣವೆನ್ನಲಾಗದು. ಆದರೆ ಸ್ಯಾಗ್, ಅಂದರೆ ಸವಾರನ ತೂಕಕ್ಕೇ ಫೋರ್ಕು ಕುಗ್ಗುವ ಪ್ರಮಾಣವನ್ನು, ಹೊಂದಿಸುವ ಕ್ರಮವನ್ನು ಗಮನಿಸಿ. ಫೋರ್ಕಿನ ಕಾಲಿನ ಮೇಲಿರುವ ರಬ್ಬರಿನ ಬಳೆಯನ್ನು ಕೆಳಕ್ಕೆ ಒತ್ತಿ, ಸವಾರ ಬೆನ್ನಿನ ಚೀಲ, ನೀರು ಸಮೇತ ಸೈಕಲ್ಲೇರಿ ಪೆಡಲಿನ ಮೇಲೆ ನಿಲ್ಲುತ್ತಾನೆ, ಕುಲುಕದೆ ಇಳಿಯುತ್ತಾನೆ. ಫೋರ್ಕು ಎಷ್ಟು ಕುಗ್ಗಿತ್ತೆಂಬುದನ್ನು ಮೇಲೆ ಸರಿದ ಬಳೆ ತೋರಿಸುತ್ತದೆ. ಒಟ್ಟು ಕುಗ್ಗುವಿಕೆಯ ಐದರಲ್ಲೊಂದು ಭಾಗದ ಆಸುಪಾಸಿನಲ್ಲಿ ಬರುವವರೆಗೆ ಗಾಳಿ ತುಂಬುತ್ತಾರೆ, ಬಿಡುತ್ತಾರೆ. 60 ಕಿಲೋ ತೂಗುವವರಿಗೂ 90 ಕಿಲೋ ತೂಗುವವರಿಗೂ ಒತ್ತಡ ಬೇರೆಬೇರೆ ಬರುತ್ತದೆ, ಇಬ್ಬರೂ ಸರಿ. ಉತ್ತರ ಆಳಿನಿಂದ ಆಳಿಗೆ ಬದಲಾಗುತ್ತದೆ, ಆದರೆ ಯಾರಿಗೂ ಅದು ಇಷ್ಟಬಂದಂತೆ ಬರುವುದಿಲ್ಲ. ಸಾಪೇಕ್ಷವಾದದ್ದೆಲ್ಲ ಮನಸ್ಸಿಗೆ ತೋರಿದ್ದು ಎಂಬ ತಪ್ಪು ಸಮೀಕರಣವನ್ನು ಈ ಪುಟ್ಟ ಬಳೆ ಒಡೆದುಹಾಕುತ್ತದೆ. ರೂಢಿಯಿಂದ ಬಂದ ಇಷ್ಟಗಳಿಗೂ ಇದೇ ಮಾತು. ಅಮೆರಿಕದಲ್ಲಿ ಮುಂದಿನ ಬ್ರೇಕು ಎಡಗೈಗೆ, ಭಾರತದಲ್ಲೂ ಬ್ರಿಟನ್ನಿನಲ್ಲೂ ಬಲಗೈಗೆ. ಯಾವುದು ಮೇಲೆಂಬ ವಾದಕ್ಕೆ ಅರ್ಥವಿಲ್ಲ. ಆದರೆ ಒಂದಕ್ಕೆ ಒಗ್ಗಿದ ಕೈ ಇನ್ನೊಂದನ್ನು ಹಿಡಿದು ಇಳಿಜಾರಿನಲ್ಲಿ ಗಾಬರಿಯಾದಾಗ ತಪ್ಪು ಚಕ್ರವನ್ನು ಬಿಗಿಹಿಡಿಯುತ್ತದೆ. ರೂಢಿ ಹೇಗೇ ಹುಟ್ಟಿರಲಿ, ಮೈಯಲ್ಲಿ ಇಳಿದ ಮೇಲೆ ಅದೂ ಒಂದು ವಾಸ್ತವ.

ಸವಾರನನ್ನೂ ಇಡಿಯೊಳಗೆ ಸೇರಿಸಿದಿರಿ, ನೆಲವನ್ನೂ ಸೇರಿಸಿದಿರಿ. ಹೀಗೇ ಹೋದರೆ ಬ್ರಹ್ಮಾಂಡವೇ ಒಂದು ಸೈಕಲ್ಲಾಗುತ್ತದಲ್ಲ ಎಂಬುದು ಉಳಿದ ಆಕ್ಷೇಪ. ಎಲ್ಲಿಯವರೆಗೆ ಒಂದನ್ನು ಬದಲಿಸಿದರೆ ಇನ್ನೊಂದನ್ನು ಮರುಹೊಂದಿಸಬೇಕಾಗುತ್ತದೋ ಅಲ್ಲಿಯವರೆಗೆ ಇಡಿ ಚಾಚಿದೆ ಎಂದು ಉತ್ತರಿಸಬಹುದು, ಮತ್ತು ಆ ಗಡಿ ಎಲ್ಲಿದೆಯೆಂದು ಹುಡುಕಿ ನೋಡಬಹುದು. ಸವಾರನ ತೂಕ ಬದಲಾದರೆ ಫೋರ್ಕಿನ ಗಾಳಿ ಬದಲಾಗಬೇಕು. ಒಣ ಜಲ್ಲಿಯಿಂದ ಒದ್ದೆ ಬೇರುಗಳಿಗೆ ಹೋದರೆ ಟೈರಿನ ಗಾಳಿ ಬದಲಾಗಬೇಕು. ಫ್ರೇಮಿನ ಬಣ್ಣ ಬದಲಾದರೆ ಏನೂ ಆಗಬೇಕಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸಬೇಕೆಂಬ ಒಳ್ಳೆಯ ನಿಯಮಕ್ಕೂ ಇಲ್ಲೇ ಮಿತಿ ಬರುತ್ತದೆ. ಗಾಳಿ, ಎಣ್ಣೆಯ ಕಿಂಡಿ ಇಂಥವುಗಳಲ್ಲಿ ಆ ನಿಯಮ ನಡೆಯುತ್ತದೆ, ಸೈಕಲ್ಲಿನ ಅಳತೆಗಳಲ್ಲಿ ನಡೆಯುವುದಿಲ್ಲ. ಹಳೆಯ ಫ್ರೇಮಿಗೆ ಮೊದಲು ಅಗಲವಾದ ಹ್ಯಾಂಡಲು ಮಾತ್ರ ಹಾಕಿ ನೋಡಿದವರು ತೋಳು ಚಾಚಿ ಚಾಚಿ ಬೇಸತ್ತು ತೆಗೆದರು. ಸ್ಟೆಮ್ ಮಾತ್ರ ಗಿಡ್ಡ ಮಾಡಿದವರು ಸೈಕಲ್ಲು ಚಂಚಲವಾಯಿತೆಂದು ತೆಗೆದರು. ಎರಡನ್ನೂ ಒಟ್ಟಿಗೆ, ಫ್ರೇಮನ್ನೂ ಉದ್ದ ಮಾಡಿ ಬದಲಿಸಿದಾಗಲೇ ಇಂದಿನ ಸೈಕಲ್ಲು ಸಾಧ್ಯವಾದದ್ದು. ಬೇರೆಬೇರೆಯಾಗಿ ಪರೀಕ್ಷೆಗೆ ನಿಂತಾಗ ಸೋತ ಎರಡು ಭಾಗಗಳು ಒಟ್ಟಿಗೆ ಗೆದ್ದದ್ದಕ್ಕೆ, ಭಾಗಗಳಷ್ಟೇ ಸತ್ಯವೆನ್ನುವವರ ಬಳಿ ವಿವರಣೆಯಿಲ್ಲ.